ಜಾರ್ಜ್ ಡಿ ಹೆವೆಸಿ: ಪರಮಾಣುವಿನ ಜಾಡು ಹಿಡಿದ ವಿಜ್ಞಾನಿ

ಜನನ: 1885ರ ಆಗಸ್ಟ್ 1, ಬುಡಾಪೆಸ್ಟ್
ನಿಧನ: 1966ರ ಜುಲೈ 5, ಫ್ರೈಬುರ್ಗ್
ಕ್ಷೇತ್ರ: ರಸಾಯನವಿಜ್ಞಾನ
ಪ್ರಮುಖ ಗೌರವ: 1943ನೇ ಸಾಲಿನ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ

ಪೀಠಿಕೆ

ದೊಡ್ಡ ಆಸ್ಪತ್ರೆಗಳಲ್ಲಿ ಮೂಳೆಯ ಸ್ಕ್ಯಾನ್, ಥೈರಾಯ್ಡ್ ಸ್ಕ್ಯಾನ್, ಹೃದಯದ ರಕ್ತಪೂರೈಕೆಯ ಸ್ಕ್ಯಾನ್, ಪೆಟ್ ಸ್ಕ್ಯಾನ್ ಮುಂತಾದ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ಈ ಪರೀಕ್ಷೆಗಳಲ್ಲಿ ರೋಗಿಯ ದೇಹಕ್ಕೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಸೇರಿಸಿ, ಅದು ಎಲ್ಲಿಗೆ ಸಾಗುತ್ತದೆ, ಎಲ್ಲಿ ನೆಲೆಸುತ್ತದೆ ಎಂಬುದನ್ನು ಹೊರಗಿನಿಂದಲೇ ಗುರುತಿಸಲಾಗುತ್ತದೆ. ಹೀಗೆ ಜಾಡು ತೋರಿಸುವ ವಸ್ತುವಿಗೆ ಟ್ರೇಸರ್ ಎಂದು ಹೆಸರು. ವಿಕಿರಣ ಎಂಬ ಪದ ಕಿವಿಗೆ ಬಿದ್ದೊಡನೆ ಜನಸಾಮಾನ್ಯರಲ್ಲಿ ಆತಂಕ ಮೂಡುವುದು ಸಹಜ. ಅಂತಹ ವಸ್ತುವನ್ನು ಬೇಕೆಂದೇ ದೇಹದೊಳಕ್ಕೆ ಸೇರಿಸುವುದು ಏಕೆ, ಅದರಿಂದ ತಿಳಿದುಬರುವುದೇನು ಎಂಬ ಪ್ರಶ್ನೆಗಳಿಗೆ ಉತ್ತರವು ಒಬ್ಬ ವಿಜ್ಞಾನಿಯ ಬದುಕಿನಲ್ಲಿಯೇ ಅಡಗಿದೆ. ಅವರೇ ಪರಮಾಣು ವೈದ್ಯಕೀಯದ ಪಿತಾಮಹರೆಂದು ಖ್ಯಾತರಾದ ಜಾರ್ಜ್ ಡಿ ಹೆವೆಸಿಯವರು. ತಮಗೆ ವಹಿಸಿದ ಕೆಲಸದಲ್ಲಿ ಸೋತು, ಆ ಸೋಲಿನಿಂದಲೇ ಹೊಸದೊಂದು ವಿಧಾನವನ್ನು ರೂಪಿಸಿದುದು ಅವರ ಹಿರಿಮೆ.

ಬಾಲ್ಯ ಮತ್ತು ಶಿಕ್ಷಣ

ಹೆವೆಸಿಯವರು ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಬುಡಾಪೆಸ್ಟ್ ನಗರದ ಸಿರಿವಂತ ಮನೆತನವೊಂದರಲ್ಲಿ ಜನಿಸಿದರು. ಎಂಟು ಮಕ್ಕಳಲ್ಲಿ ಇವರು ಐದನೆಯವರು. ಕುಟುಂಬವು ಯಹೂದಿ ಮೂಲದ್ದಾಗಿದ್ದು, ಕ್ಯಾಥೊಲಿಕ್ ಮತವನ್ನು ಅನುಸರಿಸುತ್ತಿತ್ತು. ಪಿಯಾರಿಸ್ಟ್ ಪಾದ್ರಿಗಳ ಶಾಲೆಯಲ್ಲಿ ಓದಿ 1903ರಲ್ಲಿ ಶಾಲಾ ಶಿಕ್ಷಣವನ್ನು ಮುಗಿಸಿದ ಇವರು, ಬುಡಾಪೆಸ್ಟ್ ಮತ್ತು ಬರ್ಲಿನ್‌ಗಳಲ್ಲಿ ವ್ಯಾಸಂಗ ಮಾಡಿ, 1908ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದರು. ಬಳಿಕ ಜ್ಯೂರಿಚ್‌ನಲ್ಲಿ ರಿಚರ್ಡ್ ಲೊರೆನ್ಜ್ ಅವರಲ್ಲಿಯೂ, ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಜ್ ಹಾಬರ್ ಅವರಲ್ಲಿಯೂ ಕೆಲಸ ಮಾಡಿ, 1911ರ ವೇಳೆಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿದ್ದ ಅರ್ನೆಸ್ಟ್ ರುದರ್‌ಫರ್ಡ್ ಅವರ ಪ್ರಯೋಗಾಲಯವನ್ನು ಸೇರಿದರು. ಪರಮಾಣುವಿನ ಬೀಜಕೇಂದ್ರವನ್ನು ರುದರ್‌ಫರ್ಡ್ ಅವರು ಲೋಕಕ್ಕೆ ತಿಳಿಸಿದುದು ಅದೇ ವರ್ಷ. ಡೆನ್ಮಾರ್ಕಿನ ನೀಲ್ಸ್ ಬೋರ್ ಅವರೊಡನೆ ಹೆವೆಸಿಯವರ ಜೀವನಪರ್ಯಂತದ ಸ್ನೇಹ ಮೊದಲಾದುದೂ ಇದೇ ಪ್ರಯೋಗಾಲಯದಲ್ಲಿ.

ಬೇರ್ಪಡದ ಸೀಸ

ಬೊಹೀಮಿಯಾ ಪ್ರಾಂತದ ಯೋಆಕಿಮ್ಸ್‌ಟಾಲ್ ಗಣಿಯ ಅದಿರಿನಿಂದ ರೇಡಿಯಂ ತೆಗೆದ ನಂತರ ಉಳಿದ ನೂರಾರು ಕಿಲೋಗ್ರಾಂ ಸೀಸವನ್ನು ಆಸ್ಟ್ರಿಯಾ ಸರ್ಕಾರವು ರುದರ್‌ಫರ್ಡ್ ಅವರಿಗೆ ನೀಡಿತ್ತು. ಅದರಲ್ಲಿ ರೇಡಿಯಂ-ಡಿ ಎಂದು ಕರೆಯಲಾಗುತ್ತಿದ್ದ ವಿಕಿರಣಶೀಲ ವಸ್ತುವೊಂದು ಬೆರೆತಿತ್ತು. ಸಾಮಾನ್ಯ ಸೀಸದ ಅಷ್ಟು ದೊಡ್ಡ ರಾಶಿಯ ನಡುವೆ ಇದ್ದ ಆ ವಸ್ತು ಪ್ರಯೋಗಗಳಿಗೆ ಒದಗುವಂತಿರಲಿಲ್ಲ. ಸೀಸದಿಂದ ರೇಡಿಯಂ-ಡಿಯನ್ನು ಬೇರ್ಪಡಿಸುವ ಹೊಣೆಯನ್ನು ರುದರ್‌ಫರ್ಡ್ ಅವರು ಯುವಕ ಹೆವೆಸಿಯವರಿಗೆ ವಹಿಸಿದರು.

ಹೆವೆಸಿಯವರು ಸುಮಾರು ಎರಡು ವರ್ಷ ಕಾಲ ತಮಗೆ ತಿಳಿದಿದ್ದ ರಾಸಾಯನಿಕ ವಿಧಾನಗಳನ್ನೆಲ್ಲ ಪ್ರಯೋಗಿಸಿದರು. ಯಾವುದೂ ಫಲ ನೀಡಲಿಲ್ಲ. ಸೀಸ ಕರಗಿದಲ್ಲಿ ರೇಡಿಯಂ-ಡಿ ಕರಗುತ್ತಿತ್ತು. ಸೀಸ ಗಷ್ಟುಗಟ್ಟಿ ತಳಕ್ಕೆ ಇಳಿದಲ್ಲಿ ಅದೂ ಇಳಿಯುತ್ತಿತ್ತು. ಇದಕ್ಕೆ ಕಾರಣ ಮುಂದೆ ಸ್ಪಷ್ಟವಾಯಿತು. ರೇಡಿಯಂ-ಡಿ ಬೇರೆ ಧಾತುವಲ್ಲ, ಅದು ಸೀಸದ್ದೇ ಒಂದು ರೂಪ. ಒಂದೇ ಧಾತುವಿನ, ಆದರೆ ಬೇರೆ ಬೇರೆ ತೂಕದ ಪರಮಾಣುಗಳಿಗೆ ಫ್ರೆಡರಿಕ್ ಸಾಡಿ ಅವರು 1913ರಲ್ಲಿ ಐಸೋಟೋಪ್ ಎಂಬ ಹೆಸರನ್ನು ನೀಡಿದರು. ಕನ್ನಡದಲ್ಲಿ ಇವನ್ನು ಸಮಸ್ಥಾನಿಗಳೆಂದು ಕರೆಯಲಾಗುತ್ತದೆ. ಒಂದು ಧಾತುವಿನ ಸಮಸ್ಥಾನಿಗಳು ರಾಸಾಯನಿಕವಾಗಿ ಒಂದೇ ರೀತಿ ವರ್ತಿಸುವುದರಿಂದ ಅವನ್ನು ರಾಸಾಯನಿಕ ಕ್ರಿಯೆಗಳಿಂದ ಬೇರ್ಪಡಿಸಲು ಹೆವೆಸಿಯವರಿಗೆ ಸಾಧ್ಯವಾಗಲಿಲ್ಲ.

ಸೋಲಿನಿಂದ ಮೂಡಿದ ವಿಧಾನ

ಈ ಹಂತದಲ್ಲಿ ಹೆವೆಸಿಯವರು ಸಮಸ್ಯೆಯನ್ನು ಇನ್ನೊಂದು ದಿಕ್ಕಿನಿಂದ ನೋಡಿದರು. ರೇಡಿಯಂ-ಡಿಯನ್ನು ಸೀಸದಿಂದ ಅಗಲಿಸಲು ಸಾಧ್ಯವೇ ಇಲ್ಲವೆಂದಾದರೆ, ಸೀಸ ಹೋದಲ್ಲೆಲ್ಲ ಅದೂ ಹೋಗಲೇಬೇಕು. ಅದು ಹೊಮ್ಮಿಸುವ ವಿಕಿರಣವನ್ನು ಉಪಕರಣದಿಂದ ಅಳೆಯಬಹುದಾದ್ದರಿಂದ, ಕಣ್ಣಿಗೆ ಕಾಣದಷ್ಟು, ತಕ್ಕಡಿಯಲ್ಲಿ ತೂಗಲಾಗದಷ್ಟು ಕಡಿಮೆ ಸೀಸವನ್ನೂ ಪತ್ತೆಹಚ್ಚಬಹುದು. ವಿಯೆನ್ನಾದ ರೇಡಿಯಂ ಸಂಸ್ಥೆಯಲ್ಲಿ ಇದೇ ಬೇರ್ಪಡಿಕೆಯನ್ನು ಯತ್ನಿಸಿ ಸೋತಿದ್ದ ಫ್ರಿಟ್ಜ್ ಪಾನೆತ್ ಅವರೊಡನೆ ಕೂಡಿ ಹೆವೆಸಿಯವರು 1913ರಲ್ಲಿ ಈ ವಿಚಾರವನ್ನು ಪ್ರಯೋಗಕ್ಕಿಳಿಸಿದರು. ನೀರಿನಲ್ಲಿ ಬಹುಮಟ್ಟಿಗೆ ಕರಗುವುದೇ ಇಲ್ಲವೆನ್ನಬಹುದಾದ ಲೆಡ್ ಸಲ್ಫೈಡ್ ಮತ್ತು ಲೆಡ್ ಕ್ರೋಮೇಟ್ ಎಂಬ ಸೀಸದ ಲವಣಗಳು ನಿಜವಾಗಿ ಎಷ್ಟು ಕರಗುತ್ತವೆ ಎಂಬುದನ್ನು ಅವರು ಅಳೆದು ತೋರಿಸಿದರು.

ಈ ವಿಧಾನದ ತತ್ತ್ವವನ್ನು ಸರಳ ಉದಾಹರಣೆಯೊಂದರಿಂದ ಅರಿಯಬಹುದು. ಒಂದು ಗ್ರಾಂ ಸೀಸಕ್ಕೆ ವಿಕಿರಣಶೀಲ ಸೀಸವನ್ನು ಬೆರೆಸಿದಾಗ ಅಳತೆಯ ಉಪಕರಣವು ಹತ್ತು ಲಕ್ಷ ಎಣಿಕೆಯನ್ನು ತೋರಿಸುವುದೆಂದು ಭಾವಿಸೋಣ. ಆಗ ಪ್ರತಿಯೊಂದು ಎಣಿಕೆಯೂ ಗ್ರಾಂನ ಹತ್ತು ಲಕ್ಷದಲ್ಲೊಂದು ಭಾಗ ಸೀಸವನ್ನು ಸೂಚಿಸುತ್ತದೆ. ಮುಂದೆ ಆ ಸೀಸವು ನೀರಿಗೆ ಸೇರಲಿ, ಗಿಡದ ಎಲೆಗೆ ಏರಲಿ, ಪ್ರಾಣಿಯ ರಕ್ತದಲ್ಲಿ ಹರಿಯಲಿ, ಅಲ್ಲಿನ ಎಣಿಕೆಯನ್ನು ತೆಗೆದುಕೊಂಡರೆ ಸೀಸದ ಪ್ರಮಾಣವು ತಾನಾಗಿಯೇ ತಿಳಿಯುತ್ತದೆ.

ಮ್ಯಾಂಚೆಸ್ಟರ್ ವಾಸದ ಕಾಲದ ಪ್ರಸಂಗವೊಂದನ್ನು ಹೆವೆಸಿಯವರು ಮುಂದೆ ಹೇಳಿಕೊಳ್ಳುತ್ತಿದ್ದರು. ಅವರು ತಂಗಿದ್ದ ಮನೆಯ ಒಡತಿ, ಊಟದಲ್ಲಿ ಉಳಿದ ಮಾಂಸವನ್ನು ನಂತರದ ದಿನಗಳಲ್ಲಿ ಬೇರೆ ಖಾದ್ಯವಾಗಿ ಮಾಡಿ ಬಡಿಸುತ್ತಾರೆಂಬ ಗುಮಾನಿ ಅವರಿಗಿತ್ತು. ಆಕೆ ಅದನ್ನು ಒಪ್ಪಿರಲಿಲ್ಲ. ಹೆವೆಸಿಯವರು ತಾವು ತಟ್ಟೆಯಲ್ಲಿ ಉಳಿಸಿದ ಆಹಾರಕ್ಕೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಬೆರೆಸಿಟ್ಟರು. ಕೆಲವು ದಿನಗಳ ನಂತರ ಬಡಿಸಿದ ಹೊಸ ಖಾದ್ಯದ ಬಳಿ ವಿದ್ಯುದ್ದರ್ಶಕವನ್ನು ಹಿಡಿದಾಗ ಉಪಕರಣವು ವಿಕಿರಣವನ್ನು ತೋರಿಸಿತು. ಆಹಾರದಲ್ಲಿ ಹೀಗೆ ವಿಕಿರಣಶೀಲ ವಸ್ತುವನ್ನು ಬೆರೆಸುವುದನ್ನು ಇಂದಿನ ಸುರಕ್ಷತಾ ನಿಯಮಗಳು ಖಂಡಿತ ಒಪ್ಪುವುದಿಲ್ಲ. ಆದರೂ ರೂಪ ಬದಲಾದ ಮೇಲೂ ಪರಮಾಣುವಿನ ಗುರುತು ಅಳಿಯುವುದಿಲ್ಲ ಎಂಬ ತತ್ತ್ವವು ಈ ಪ್ರಸಂಗದಲ್ಲಿ ಸ್ಪಷ್ಟವಾಗಿದೆ.

ಗಿಡದಿಂದ ಪ್ರಾಣಿಗೆ

ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೇರಿ ಸೇನೆಯಲ್ಲಿ ಸೇವೆ ಸಲ್ಲಿಸಿದ ಹೆವೆಸಿಯವರು 1920ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಬಂದು ನೀಲ್ಸ್ ಬೋರ್ ಅವರ ಬಳಗವನ್ನು ಸೇರಿದರು. ಅಲ್ಲಿ ಡರ್ಕ್ ಕೋಸ್ಟರ್ ಅವರೊಡನೆ 72ನೆಯ ಧಾತುವನ್ನು ಕಂಡುಹಿಡಿದು 1923ರಲ್ಲಿ ಪ್ರಕಟಿಸಿದರು. ಕೋಪನ್‌ಹೇಗನ್ ನಗರದ ಲ್ಯಾಟಿನ್ ಹೆಸರಿನಿಂದ ಅದಕ್ಕೆ ಹಾಫ್ನಿಯಂ ಎಂದು ನಾಮಕರಣವಾಯಿತು.

ಜೀವವಿಜ್ಞಾನದ ದೃಷ್ಟಿಯಿಂದ ಅದೇ 1923ರ ಇನ್ನೊಂದು ಪ್ರಯೋಗವು ಹೆಚ್ಚು ಮಹತ್ವದ್ದು. ಹೆವೆಸಿಯವರು ಅವರೆಯ ಜಾತಿಗೆ ಹತ್ತಿರದ ಬ್ರಾಡ್ ಬೀನ್ ಗಿಡಗಳ ಬೇರುಗಳನ್ನು ವಿಕಿರಣಶೀಲ ಸೀಸ ಬೆರೆತ ದ್ರಾವಣದಲ್ಲಿ ಅದ್ದಿಟ್ಟರು. ಬಳಿಕ ಗಿಡದ ಭಾಗಗಳನ್ನು ಸುಟ್ಟು, ಬೂದಿಯಲ್ಲಿನ ವಿಕಿರಣವನ್ನು ಅಳೆದರು. ಸೀಸದ ಬಹುಭಾಗ ಬೇರಿನಲ್ಲಿಯೇ ಉಳಿದು, ಕಾಂಡ ಮತ್ತು ಎಲೆಗಳಿಗೆ ಸ್ವಲ್ಪವೇ ಏರಿತ್ತು. ಅಂತಹ ಗಿಡವನ್ನು ಸಾಮಾನ್ಯ ಸೀಸದ ದ್ರಾವಣದಲ್ಲಿಟ್ಟಾಗ ಬೇರಿನಲ್ಲಿದ್ದ ವಿಕಿರಣಶೀಲ ಸೀಸವು ಹೊರಬಂದು, ಅದರ ಸ್ಥಾನವನ್ನು ಸಾಮಾನ್ಯ ಸೀಸ ಆಕ್ರಮಿಸಿತು. ಜೀವಿಯೊಂದರಲ್ಲಿ ಪರಮಾಣುಗಳ ಚಲನವಲನವನ್ನು ವಿಕಿರಣದ ನೆರವಿನಿಂದ ಅನುಸರಿಸಿದ ಪ್ರಥಮ ಪ್ರಯೋಗವಿದು. ಮರುವರ್ಷ ಡೆನ್ಮಾರ್ಕಿನ ಸಹೋದ್ಯೋಗಿಗಳೊಡನೆ ಕೂಡಿ, ಆ ಕಾಲದಲ್ಲಿ ಸಿಫಿಲಿಸ್ ರೋಗಕ್ಕೆ ಔಷಧವಾಗಿದ್ದ ಬಿಸ್ಮತ್ ಧಾತುವು ಪ್ರಾಣಿಯ ದೇಹದಲ್ಲಿ ಹೇಗೆ ಹರಡುತ್ತದೆ ಎಂಬುದನ್ನೂ ಅವರು ಪರೀಕ್ಷಿಸಿದರು. ಅದೇ ವರ್ಷ, 1924ರಲ್ಲಿ, ಪಿಯಾ ರೀಸ್ ಅವರನ್ನು ವಿವಾಹವಾದರು. ದಂಪತಿಗಳಿಗೆ ನಾಲ್ವರು ಮಕ್ಕಳು.

1920ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಹರ್ಮನ್ ಬ್ಲುಮ್‌ಗಾರ್ಟ್ ಅವರು ಒಂದು ತೋಳಿನ ರಕ್ತನಾಳಕ್ಕೆ ವಿಕಿರಣಶೀಲ ವಸ್ತುವನ್ನು ಚುಚ್ಚಿ, ಅದು ಇನ್ನೊಂದು ತೋಳನ್ನು ತಲುಪಲು ಬೇಕಾಗುವ ಸಮಯವನ್ನು ಅಳೆದರು. ರೋಗನಿದಾನಕ್ಕೆ ಟ್ರೇಸರ್ ಬಳಸುವ ಮಾರ್ಗ ಹೀಗೆ ತೆರೆಯಿತು.

ಮೂಳೆಯೂ ಜೀವಂತ

ಆದರೆ ಸೀಸ, ಬಿಸ್ಮತ್‌ಗಳು ದೇಹದ ಸಹಜ ಘಟಕಗಳಲ್ಲ. ಅವು ವಿಷಕಾರಿಯೂ ಹೌದು. ದೇಹವು ತಾನೇ ಬಳಸುವ ಧಾತುಗಳ ವಿಕಿರಣಶೀಲ ರೂಪಗಳು ದೊರೆಯದ ಹೊರತು ವಿಧಾನದ ಪೂರ್ಣ ಪ್ರಯೋಜನ ಲಭಿಸುವಂತಿರಲಿಲ್ಲ. 1926ರಿಂದ ಫ್ರೈಬುರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಹೆವೆಸಿಯವರು ಭಾರಜಲವು ದೊರೆಯತೊಡಗಿದ ಕೂಡಲೇ ಅದನ್ನು ಬಳಸಿಕೊಂಡರು. ಭಾರಜಲ ವಿಕಿರಣಶೀಲವಲ್ಲ, ಅದರ ಹೆಚ್ಚಿನ ತೂಕವೇ ಅದರ ಗುರುತು. ಮನುಷ್ಯನು ಕುಡಿದ ನೀರಿನ ಅರ್ಧಭಾಗವು ದೇಹದಿಂದ ಹೊರಹೋಗಲು ಸುಮಾರು 9 ದಿನ ಬೇಕೆಂಬುದನ್ನು ಅವರು 1934ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಪ್ಯಾರಿಸ್‌ನಲ್ಲಿ ಐರೀನ್ ಕ್ಯೂರಿ ಮತ್ತು ಫ್ರೆಡರಿಕ್ ಜೋಲಿಯೋ ದಂಪತಿಗಳು ಕೃತಕ ವಿಕಿರಣಶೀಲತೆಯನ್ನು ಕಂಡುಹಿಡಿದರು. ಸಾಮಾನ್ಯ ಧಾತುಗಳಿಗೂ ವಿಕಿರಣಶೀಲ ರೂಪಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಬಹುದೆಂಬುದು ಇದರಿಂದ ಸ್ಥಿರಪಟ್ಟಿತು. ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಕಾರಣ 1934ರಲ್ಲಿ ಹುದ್ದೆಯನ್ನು ತೊರೆದು ಕೋಪನ್‌ಹೇಗನ್‌ಗೆ ಮರಳಿದ ಹೆವೆಸಿಯವರು, ಅಲ್ಲಿ ಗಂಧಕದ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿ ರಂಜಕ-32 ಎಂಬ ಸಮಸ್ಥಾನಿಯನ್ನು ಪಡೆದರು. ಇದರ ಅರ್ಧಾಯು ಸುಮಾರು 14 ದಿನ. ಅಂದರೆ ಪ್ರತಿ 14 ದಿನಗಳಿಗೊಮ್ಮೆ ಅದರ ವಿಕಿರಣವು ಅರ್ಧಕ್ಕೆ ಇಳಿಯುತ್ತದೆ.

ವೈದ್ಯರಾದ ಓಲೆ ಚೀವಿಟ್ಜ್ ಅವರೊಡನೆ 1935ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆವೆಸಿಯವರು ಇಲಿಗಳಿಗೆ ಈ ರಂಜಕವನ್ನು ಆಹಾರದೊಡನೆ ನೀಡಿ, ಅದು ಯಾವ ಅಂಗಕ್ಕೆ ಎಷ್ಟು ಸೇರಿತೆಂಬುದನ್ನು ಅಳೆದರು. ಬೆಳವಣಿಗೆ ಮುಗಿದ ಮೂಳೆಯು ಕಲ್ಲಿನಂತೆ ನಿಶ್ಚಲವಾದುದೆಂಬ ಭಾವನೆ ಅಂದು ಬಲವಾಗಿತ್ತು. ಆದರೆ ಪ್ರಾಯಕ್ಕೆ ಬಂದ ಇಲಿಗಳ ಮೂಳೆಗಳಲ್ಲಿಯೂ ಹೊಸ ರಂಜಕವು ಸೇರುತ್ತಿತ್ತು, ಹಳೆಯದು ಹೊರಬೀಳುತ್ತಿತ್ತು. ಇಲಿಯ ದೇಹದಲ್ಲಿ ರಂಜಕದ ಒಂದು ಪರಮಾಣು ಸರಾಸರಿ ಎರಡು ತಿಂಗಳಷ್ಟು ಕಾಲ ಮಾತ್ರ ಉಳಿಯುತ್ತಿತ್ತು. ಮೂಳೆಯು ನಿರಂತರವಾಗಿ ಕಳಚಿ ಮರುನಿರ್ಮಾಣಗೊಳ್ಳುವ ಜೀವಂತ ಅಂಗ ಎಂಬ ಅರಿವು ಇದರಿಂದ ದೃಢವಾಯಿತು.

ಯುದ್ಧಕಾಲದ ಸಂಕಷ್ಟ

ಜರ್ಮನಿಯ ವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಅವರು ತಮ್ಮ ನೊಬೆಲ್ ಚಿನ್ನದ ಪದಕಗಳನ್ನು ಸುರಕ್ಷಿತವಾಗಿಡಲು ಬೋರ್ ಅವರ ಸಂಸ್ಥೆಗೆ ಒಪ್ಪಿಸಿದ್ದರು. ಜರ್ಮನಿಯಿಂದ ಚಿನ್ನವನ್ನು ಹೊರಗೆ ಸಾಗಿಸುವುದು ಆಗ ಘೋರ ಅಪರಾಧವಾಗಿತ್ತು. ಪದಕಗಳ ಮೇಲೆ ಅವರ ಹೆಸರುಗಳೂ ಇದ್ದವು. 1940ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆಯು ಕೋಪನ್‌ಹೇಗನ್ ನಗರವನ್ನು ಪ್ರವೇಶಿಸಿದಾಗ, ಹೆವೆಸಿಯವರು ಆ ಪದಕಗಳನ್ನು ಚಿನ್ನವನ್ನು ಕರಗಿಸುವ ಅಕ್ವಾ ರೀಜಿಯಾ ಎಂಬ ಆಮ್ಲಮಿಶ್ರಣದಲ್ಲಿ ಕರಗಿಸಿದರು. ಆ ದ್ರಾವಣದ ಸೀಸೆಯು ಪ್ರಯೋಗಾಲಯದ ಕಪಾಟಿನಲ್ಲಿ ಯಾರ ಗಮನಕ್ಕೂ ಬಾರದೆ ಉಳಿಯಿತು. ಯುದ್ಧದ ನಂತರ ದ್ರಾವಣದಿಂದ ಚಿನ್ನವನ್ನು ಮರಳಿ ಪಡೆದು ಸ್ವೀಡನ್‌ಗೆ ಕಳುಹಿಸಲಾಯಿತು. ನೊಬೆಲ್ ಪ್ರತಿಷ್ಠಾನವು ಅದರಿಂದಲೇ ಪದಕಗಳನ್ನು ಪುನಃ ಎರಕ ಹೊಯ್ಯಿಸಿ ಇಬ್ಬರಿಗೂ ನೀಡಿತು.

ಯಹೂದಿ ಮೂಲದವರಾದ ಕಾರಣ ಹೆವೆಸಿಯವರ ಬದುಕೂ ಅಪಾಯಕ್ಕೆ ಸಿಲುಕಿತು. 1943ರಲ್ಲಿ ಅವರು ಸ್ವೀಡನ್‌ನ ಸ್ಟಾಕ್‌ಹೋಮ್ ನಗರಕ್ಕೆ ವಲಸೆ ಹೋದರು. ಅಲ್ಲಿಯೂ ಸಂಶೋಧನೆಯನ್ನು ಮುಂದುವರಿಸಿದರು. ರಾಸಾಯನಿಕ ಕ್ರಿಯೆಗಳ ಅಧ್ಯಯನದಲ್ಲಿ ಸಮಸ್ಥಾನಿಗಳನ್ನು ಟ್ರೇಸರ್‌ಗಳಾಗಿ ಬಳಸಿದುದಕ್ಕಾಗಿ 1943ನೇ ಸಾಲಿನ ನೊಬೆಲ್ ಪ್ರಶಸ್ತಿಯನ್ನು 1944ರಲ್ಲಿ ಅವರಿಗೆ ಪ್ರದಾನ ಮಾಡಲಾಯಿತು.

ಟ್ರೇಸರ್‌ನಿಂದ ಚಿತ್ರದವರೆಗೆ

ರಂಜಕ-32 ಹೊಮ್ಮಿಸುವ ಬೀಟಾ ಕಣಗಳು ದೇಹದೊಳಗೆ ಕೆಲವೇ ಮಿಲಿಮೀಟರ್ ಸಾಗಿ ನಿಂತುಬಿಡುತ್ತವೆ. ಆದ್ದರಿಂದ ಹೆವೆಸಿಯವರು ಅಂಗಗಳನ್ನು ಹೊರತೆಗೆದು ಅಳೆಯಬೇಕಾಗಿತ್ತು. ಬದುಕಿರುವ ಮನುಷ್ಯನ ದೇಹದ ಚಿತ್ರ ಪಡೆಯಬೇಕಾದರೆ ಚರ್ಮವನ್ನು ದಾಟಿ ಹೊರಬರುವ ಗಾಮಾ ಕಿರಣಗಳು ಬೇಕು. ಆ ಕೊರತೆಯನ್ನು ನಂತರದ ವಿಜ್ಞಾನಿಗಳು ನೀಗಿಸಿದರು. ಥೈರಾಯ್ಡ್ ಗ್ರಂಥಿಯು ಹೀರಿಕೊಳ್ಳುವ ಅಯೋಡಿನ್-131 ಮತ್ತು ಇಂದು ಹೆಚ್ಚು ಬಳಕೆಯಲ್ಲಿರುವ ಟೆಕ್ನೀಷಿಯಂ-99ಎಂ ಎರಡೂ 1938ರಲ್ಲಿ ಪತ್ತೆಯಾದವು. 1950ರ ದಶಕದಲ್ಲಿ ಅಮೆರಿಕದ ಹಾಲ್ ಆ್ಯಂಗರ್ ಅವರು ಗಾಮಾ ಕ್ಯಾಮೆರಾವನ್ನು ನಿರ್ಮಿಸಿದರು. ಅದೇ ದಶಕದ ಕೊನೆಯಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, ಮಾಲಿಬ್ಡಿನಂ-99ರಿಂದ ಟೆಕ್ನೀಷಿಯಂ ಅನ್ನು ಆಸ್ಪತ್ರೆಯಲ್ಲಿಯೇ ದಿನದಿನವೂ ಪಡೆಯಬಹುದಾದ ಜನರೇಟರ್ ಸಿದ್ಧವಾಯಿತು.

ಗಾಮಾ ಕ್ಯಾಮೆರಾದ ಮುಂಭಾಗದಲ್ಲಿ ಸಾವಿರಾರು ಸಣ್ಣ ರಂಧ್ರಗಳುಳ್ಳ ಸೀಸದ ಫಲಕವಿರುತ್ತದೆ. ನೇರವಾಗಿ ಬಂದ ಕಿರಣಗಳು ಮಾತ್ರ ರಂಧ್ರಗಳನ್ನು ದಾಟುತ್ತವೆ. ಓರೆಯಾಗಿ ಬಂದವನ್ನು ಸೀಸವು ತಡೆಯುತ್ತದೆ. ದಾಟಿದ ಕಿರಣವು ಹಿಂದಿರುವ ಸೋಡಿಯಂ ಅಯೋಡೈಡ್ ಹರಳಿಗೆ ತಗುಲಿ ಮಿಂಚಿನಂತಹ ಸೂಕ್ಷ್ಮ ಬೆಳಕನ್ನು ಉಂಟುಮಾಡುತ್ತದೆ. ಆ ಬೆಳಕಿನ ಸ್ಥಾನಗಳನ್ನು ಕಂಪ್ಯೂಟರ್ ಒಟ್ಟುಗೂಡಿಸಿ ಚಿತ್ರವನ್ನು ರೂಪಿಸುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಕಿರಣವು ಹೊರಗಿನಿಂದ ದೇಹವನ್ನು ಹಾಯ್ದು ಅಂಗದ ಆಕಾರವನ್ನು ತೋರಿಸುತ್ತದೆ. ಇಲ್ಲಿ ಕಿರಣವು ಒಳಗಿನಿಂದ ಹೊರಬಂದು ಅಂಗದ ಕೆಲಸವನ್ನು ತೋರಿಸುತ್ತದೆ. ಇವೆರಡರ ನಡುವಿನ ಮುಖ್ಯ ವ್ಯತ್ಯಾಸವಿದು.

ಟೆಕ್ನೀಷಿಯಂ ಯಾವ ಅಂಗಕ್ಕೆ ತಲುಪಬೇಕೆಂಬುದನ್ನು ಅದಕ್ಕೆ ಜೋಡಿಸಿದ ಔಷಧವು ನಿರ್ಧರಿಸುತ್ತದೆ. ಮೂಳೆಯ ಸ್ಕ್ಯಾನ್‌ನಲ್ಲಿ ರಂಜಕವನ್ನು ಒಳಗೊಂಡ ಸಂಯುಕ್ತವೊಂದಕ್ಕೆ ಅದನ್ನು ಜೋಡಿಸಲಾಗುತ್ತದೆ. ಮೂಳೆ ಮುರಿದು ಕೂಡುತ್ತಿರುವಲ್ಲಿ ಅಥವಾ ಕ್ಯಾನ್ಸರ್ ಹರಡಿರುವಲ್ಲಿ ಮರುನಿರ್ಮಾಣ ಚುರುಕಾಗಿರುವುದರಿಂದ ಆ ಭಾಗವು ಟ್ರೇಸರ್ ಅನ್ನು ಹೆಚ್ಚಾಗಿ ಹೀರಿಕೊಂಡು ಚಿತ್ರದಲ್ಲಿ ಎದ್ದು ಕಾಣುತ್ತದೆ. ಹೆವೆಸಿಯವರು ಇಲಿಗಳಲ್ಲಿ ಕಂಡ ಸತ್ಯವೇ ಇದರ ಆಧಾರ. ಪೆಟ್ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಫ್ಲೋರಿನ್-18 ಜೋಡಿಸಿದ ಗ್ಲೂಕೋಸ್ ಮಾದರಿಯ ವಸ್ತುವನ್ನು ಬಳಸಲಾಗುತ್ತದೆ. ಅನೇಕ ಬಗೆಯ ಕ್ಯಾನ್ಸರ್ ಕೋಶಗಳು ಹೆಚ್ಚು ಗ್ಲೂಕೋಸ್ ಬಯಸುವುದರಿಂದ ಅವು ಗುರುತಿಗೆ ಸಿಗುತ್ತವೆ.

ಭಾರತದಲ್ಲಿ ಟ್ರಾಂಬೆಯ ಅಪ್ಸರಾ ರಿಯಾಕ್ಟರ್ 1956ರಲ್ಲಿಯೂ, ಸೈರಸ್ ರಿಯಾಕ್ಟರ್ 1960ರಲ್ಲಿಯೂ ಕಾರ್ಯಾರಂಭ ಮಾಡಿದ ಮೇಲೆ ಐಸೋಟೋಪ್‌ಗಳ ತಯಾರಿಕೆ ದೇಶದಲ್ಲಿಯೇ ಸಾಧ್ಯವಾಯಿತು. ಮುಂಬಯಿಯಲ್ಲಿ 1963ರಲ್ಲಿ ವಿಕಿರಣ ವೈದ್ಯಕೀಯ ಕೇಂದ್ರವು ಆರಂಭವಾಯಿತು.

ರೋಗಿಗಳು ತಿಳಿದಿರಬೇಕಾದ ಅಂಶಗಳು

* ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ ಪ್ರಮಾಣವು ಒಂದು ಮಿಲಿಗ್ರಾಂನ ಸಾವಿರದಲ್ಲೊಂದು ಭಾಗಕ್ಕಿಂತಲೂ ಬಹಳ ಕಡಿಮೆ. ಅಷ್ಟು ಅಲ್ಪ ವಸ್ತುವು ಅಂಗಗಳ ಸಹಜ ಕೆಲಸವನ್ನು ಬದಲಿಸುವುದಿಲ್ಲ.
* ಟೆಕ್ನೀಷಿಯಂ-99ಎಂ ಅರ್ಧಾಯು 6 ಗಂಟೆ. 24 ಗಂಟೆಗಳಲ್ಲಿ ಅದರ ವಿಕಿರಣವು ಹದಿನಾರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಮೂತ್ರದ ಮೂಲಕವೂ ಹೊರಹೋಗುವುದರಿಂದ ದೇಹದಲ್ಲಿ ಉಳಿಯುವುದು ಇನ್ನೂ ಕಡಿಮೆ. ವೈದ್ಯರು ಬೇಡವೆನ್ನದಿದ್ದಲ್ಲಿ ಹೆಚ್ಚು ನೀರು ಕುಡಿಯುವುದು ಉತ್ತಮ.
* ಮೂಳೆಯ ಸ್ಕ್ಯಾನ್‌ನಲ್ಲಿ ಚುಚ್ಚುಮದ್ದು ನೀಡಿದ ನಂತರ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಕಾಯಬೇಕಾಗುತ್ತದೆ. ಟ್ರೇಸರ್ ಮೂಳೆಯಲ್ಲಿ ನೆಲೆಸಲು ಈ ಸಮಯ ಅವಶ್ಯಕ.
* ಗರ್ಭಿಣಿಯರು, ಗರ್ಭಧಾರಣೆಯ ಸಂಶಯವಿರುವವರು ಹಾಗೂ ಎದೆಹಾಲುಣಿಸುವ ತಾಯಂದಿರು ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಪ್ಪದೆ ತಿಳಿಸಬೇಕು.
* ವಿಕಿರಣವು ಅಲ್ಪವಾದರೂ ಇಲ್ಲವೇ ಇಲ್ಲವೆಂದಲ್ಲ. ಆದ್ದರಿಂದ ಅವಶ್ಯಕತೆಯಿದ್ದಲ್ಲಿ ಮಾತ್ರ, ತಜ್ಞ ವೈದ್ಯರ ಸಲಹೆಯಂತೆ ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ಭಯದಿಂದ ಅವಶ್ಯ ಪರೀಕ್ಷೆಯನ್ನು ಮುಂದೂಡುವುದೂ ಸರಿಯಲ್ಲ.

ಕೊನೆಯ ದಿನಗಳು

ಹೆವೆಸಿಯವರಿಗೆ 1949ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕವೂ, 1959ರಲ್ಲಿ ಶಾಂತಿಗಾಗಿ ಪರಮಾಣು ಪ್ರಶಸ್ತಿಯೂ ಸಂದವು. 1966ರ ಜುಲೈ 5ರಂದು, ತಮ್ಮ 80ನೆಯ ವಯಸ್ಸಿನಲ್ಲಿ, ತಾವು ಡಾಕ್ಟರೇಟ್ ಪಡೆದಿದ್ದ ಫ್ರೈಬುರ್ಗ್ ನಗರದಲ್ಲಿ ನಿಧನರಾದರು. 2001ರಲ್ಲಿ ಅವರ ಅವಶೇಷಗಳನ್ನು ಹುಟ್ಟೂರಾದ ಬುಡಾಪೆಸ್ಟ್‌ಗೆ ತಂದು ಗೌರವಪೂರ್ವಕವಾಗಿ ಸಮಾಧಿ ಮಾಡಲಾಯಿತು.

ಹೆವೆಸಿಯವರು ಯಾವ ಸ್ಕ್ಯಾನ್ ಯಂತ್ರವನ್ನೂ ನಿರ್ಮಿಸಲಿಲ್ಲ. ಗುರುತು ಹೊತ್ತ ಪರಮಾಣುವಿಗೂ ಸಾಮಾನ್ಯ ಪರಮಾಣುವಿಗೂ ದೇಹವು ಭೇದವೆಣಿಸುವುದಿಲ್ಲ, ಉಪಕರಣವು ಮಾತ್ರ ಭೇದವನ್ನು ಕಾಣುತ್ತದೆ ಎಂಬ ಸತ್ಯವನ್ನು ಅವರು ತೋರಿಸಿಕೊಟ್ಟರು. ಸೀಸದಿಂದ ಬೇರ್ಪಡಿಸಲಾಗದ ವಸ್ತುವಿನ ಮುಂದೆ ಎರಡು ವರ್ಷ ಸೋತ ಯುವಕನ ಈ ಅರಿವಿನಿಂದಾಗಿಯೇ, ಇಂದು ಶಸ್ತ್ರಚಿಕಿತ್ಸೆಯಿಲ್ಲದೆ ಬದುಕಿರುವ ದೇಹದೊಳಗಿನ ರೋಗದ ನೆಲೆಯನ್ನು ವೈದ್ಯರು ಕಾಣಬಲ್ಲವರಾಗಿದ್ದಾರೆ.